ಸವಿತಾಳ ಹೆಸರಿಗೆ ನನ್ನ ನಂಬರು

ಬೆಂಗಳೂರಿಗೆ ಬಂದು ವಾರವೂ ಆಗಿರಲಿಲ್ಲ. ಪಕ್ಕದ ಮನೆಯ ಸವಿತಾ ಬಾಗಿಲಲ್ಲಿ ನಿಂತು, "ಅಕ್ಕಾ, ಆಸ್ಪತ್ರೇಲಿ ನಿಮ್ಮ ಫೋನ್ ನಂಬರ್‌ನ ನಂದು ಅಂತ ಕೊಟ್ಬಿಟ್ಟೆ. ಬೈಕೋಬೇಡಿ," ಎಂದಳು. ನಾನು ಗ್ಯಾಸಿನವನಿಗೆ ನಂಬರ್ ಹೇಳುವಾಗ ಕೇಳಿಸಿಕೊಂಡಿದ್ದಳಂತೆ. ಅವಳ ಮನೆಯ ಒಂದೇ ಫೋನು ಗಂಡನ ಜೇಬಿನಲ್ಲಿರುತ್ತಿತ್ತು.

ಗದಗಿನಲ್ಲಿ ನಾವು ಚಾಳ ಎನ್ನುವುದಕ್ಕೆ ಇಲ್ಲಿನ ಕಾಮಾಕ್ಷಿಪಾಳ್ಯದಲ್ಲಿ ವಠಾರ ಎನ್ನುತ್ತಾರೆ: ಒಂದು ಅಂಗಳ, ಸಾಲು ಮನೆ. ನಮ್ಮಲ್ಲಿ ಪಕ್ಕದವರ ಅಜ್ಜನ ಹೆಸರೂ ಗೊತ್ತಿರುತ್ತದೆ. ಇಲ್ಲಿ ಅವರ ಗಾರ್ಮೆಂಟ್ಸ್ ಶಿಫ್ಟು ಗೊತ್ತು, ಊರು ಗೊತ್ತಿಲ್ಲ. ಮುದ್ದೆ ನುಂಗಲು ನನಗೆ ಕಲಿಸಿದವಳು ಸವಿತಾ. "ಅಗೀಬೇಡಿ ಅಕ್ಕಾ, ಅದೇನ್ ನಿಮ್ಮ ಜೋಳದ ರೊಟ್ಟೀನಾ!"

ಮದುವೆಯಾಗಿ ನಾಲ್ಕು ವರ್ಷವಾದರೂ ಅವಳಿಗೆ ಮಗುವಿರಲಿಲ್ಲ. ಪರೀಕ್ಷೆಯಲ್ಲಿ ಕ್ಲಮಿಡಿಯಾ ಎಂಬ ಸೋಂಕು ಕಂಡಿತು. ಲೈಂಗಿಕ ಸಂಪರ್ಕದಿಂದ ಹರಡುವ ಇದು ಬಹುಪಾಲು ಹೆಂಗಸರಲ್ಲಿ ಹೊರಗೆ ಗುರುತೇ ತೋರಿಸದೆ ಗರ್ಭನಾಳವನ್ನು ಕೆಡಿಸಬಲ್ಲದು. ಮಾತ್ರೆಗೆ ವಾಸಿಯಾಗುತ್ತದೆ, ಗಂಡನೂ ನುಂಗಬೇಕು, ಇಲ್ಲವಾದರೆ ಮತ್ತೆ ಅಂಟುತ್ತದೆ.

"ನಂಗೇನ್ ಬಂದಿದೆ? ನೀನ್ ಎಲ್ಲಿಂದ ತಂದೆ ಹೇಳು!" ಎಂದು ಅವನು ಕೂಗಿದ್ದು ಗೋಡೆಯಾಚೆ ನನಗೆ ಕೇಳಿಸಿತು. ಸವಿತಾ ಒಬ್ಬಳೇ ಮಾತ್ರೆ ನುಂಗಿದಳು. ಕೆಲವು ತಿಂಗಳ ಮೇಲೆ ಮತ್ತೆ ಪರೀಕ್ಷೆಗೆ ಕೊಟ್ಟು ಬಂದಳು.

ನಾನು ಬಸುರಿ ತಂಗಿಯ ಕುಬುಸದ ಶಾಸ್ತ್ರಕ್ಕೆಂದು ಊರಿಗೆ ಹೋಗಿದ್ದಾಗ ಅವರು ಮನೆ ಖಾಲಿ ಮಾಡಿದರು. ಹಿಂತಿರುಗಿದ ಮರುದಿನ ಆಸ್ಪತ್ರೆಯಿಂದ ಫೋನ್ ಬಂತು.

"ಸವಿತಾ ಅವ್ರಾ? ರಿಪೋರ್ಟ್ ಬಂದಿದೆ."

"ಅಲ್ರೀ, ನಾನು ಬಾಜೂ ಮನಿಯಾಕಿ. ಅವ್ರು ಮನಿ ಬಿಟ್ಟಾರ. ಉಲ್ಲಾಳದ ಕಡೆ ಹೋದ್ರಂತ."

"ಬೇಗ ಬರೋಕ್ ಹೇಳಿ ಮೇಡಂ. ನಮ್ಮತ್ರ ಇರೋದು ಇದೊಂದೇ ನಂಬರ್."

ಭಾನುವಾರ ಸಿಟಿ ಬಸ್ಸು ಹತ್ತಿ ಬೆಂಗಳೂರಿನ ಅಂಚಿನ ಉಲ್ಲಾಳಕ್ಕೆ ಹೋದೆ. ಅಲ್ಲಿ ವಿಚಾರಿಸಿದಾಗ ಅಂಗಡಿಯ ಹೆಂಗಸು, "ಯಾಕಮ್ಮಾ ಹುಡುಕ್ತಿದೀರ? ಚೀಟಿ ದುಡ್ಡು ಎತ್ಕೊಂಡು ಓಡೋದ್ಲಾ?" ಎಂದು ಕೇಳಿದಳು. ಇಲ್ಲ ಎಂದೆ. ನಿಜವಾದ ಕಾರಣ ಹೇಳುವಂತಿರಲಿಲ್ಲ. ಗದಗಿನಲ್ಲಾಗಿದ್ದರೆ ಸಂಜೆಯೊಳಗೆ ಅವಳ ಮನೆ ಸಿಗುತ್ತಿತ್ತು. ಅಷ್ಟರಲ್ಲಿ ಅವಳ ರೋಗವೂ ಓಣಿಗೆಲ್ಲ ತಿಳಿದಿರುತ್ತಿತ್ತು. ಇಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಸವಿತಾಳೂ ಸಿಗಲಿಲ್ಲ.

ತಂಗಿಗೆ ಹೆಣ್ಣು ಮಗುವಾಯಿತು. "ಸಾಕವಾ ಬೆಂಗಳೂರು. ಅಲ್ಲೀ ನಂಬರ್ ತಗದ್ ಒಗದು ಊರಿಗೆ ಬಾ," ಎಂದಳು ಅವ್ವ. ಗದಗಿನ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ಹಾಡಿನ ನಡುವೆ ಫೋನ್ ಬಂತು. ಅಂಗಳಕ್ಕೆ ಓಡಿದೆ. ಅದೇ ದನಿ: "ಸವಿತಾ ಅವ್ರು ಸಿಕ್ಕಿದ್ರಾ?"

"ಇಲ್ರೀ. ಈ ನಂಬರ್ ಮಾತ್ರ ಅಳಸಬ್ಯಾಡ್ರಿ."

ಅವ್ವ ಬಾಗಿಲಿಗೆ ಬಂದಳು. "ಯಾರದ ಫೋನು?"

"ಬಾಜೂ ಮನಿಯವ್ರದ ಬೇ," ಎಂದೆ. ಅವ್ವ ನಮ್ಮ ಚಾಳದ ಪಕ್ಕದ ಬಾಗಿಲಿನತ್ತ ನೋಡಿದಳು.