ಚೀಟಿಯ ಅಡಿಯಲ್ಲಿದ್ದ ಹೆಸರು

ಮೊಮ್ಮಗಳು ತೆರೆದ ಗೋಂದಿನ ಬಾಟಲಿಯ ವಾಸನೆಗೆ ತಿಕೋಟಾದ ಕಾಕಾನ ಗ್ರಾಮಫೋನು ನೆನಪಾಯಿತು. ಹೆಸರಾಂತ ಹಾರ್ಮೋನಿಯಂ ಮಾಸ್ತರರೊಬ್ಬರ ರೆಕಾರ್ಡುಗಳನ್ನು ಕಾಕಾ ಕೂಡಿಟ್ಟಿದ್ದ. ನಾನು ಸಣ್ಣವಳಿದ್ದಾಗ, ಒಂದೇ ಭೈರವಿ ರಾಗದ ಎರಡು ರೆಕಾರ್ಡು ಹಚ್ಚಿ, ವಿಜಾಪುರದಿಂದ ಬಂದವರ ಮುಂದೆ ನನ್ನನ್ನು ಕೇಳುತ್ತಿದ್ದ: “ಮಾಸ್ತರು ಮುಪ್ಪಿನಾಗ ಬಾರ್ಸಿದ್ದು ಯಾವ್ದು, ಹೇಳವ್ವಾ.” ಬೆರಳು ತಡವರಿಸುವುದನ್ನು ಕೇಳಿಯೇ ನಾನು ಹೇಳಿಬಿಡುತ್ತಿದ್ದೆ.

ಒಮ್ಮೆ ಹಸಿ ಬಟ್ಟೆಯಲ್ಲಿ ಒರೆಸುವಾಗ ಆ ಮುಪ್ಪಿನ ರೆಕಾರ್ಡಿನ ನಡುವೆ ಅಂಟಿಸಿದ್ದ, ಮಾಸ್ತರರ ಹೆಸರಿನ ಚೀಟಿ ಕಿತ್ತುಬಂತು. ಅಡಿಯಲ್ಲಿ ಬೇರೊಬ್ಬರ ಹೆಸರಿತ್ತು. ಹಾಗಾದರೆ ಇಷ್ಟು ದಿನ ನಾನು ಕೇಳಿದ ಮುಪ್ಪು ಯಾರದು?

ಕಾಕಾ ಬೆಚ್ಚಲೂ ಇಲ್ಲ. “ಚೀಟಿ ಮತ್ತ ಹಚ್ಚಿಬಿಡು. ಸಂಜಿಗಿ ಮಂದಿ ಬರ್ತಾರ.”

ನಾನೇ ಗೋಂದು ಹಚ್ಚಿದೆ. ಸಂಜೆ ಎಲ್ಲರೆದುರು, “ಇದು ಮುಪ್ಪಿನಾಗ ಬಾರ್ಸಿದ್ದರಿ” ಎಂದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕಾಕಾ.

“ಆಯೀ, ನನ್ನ ಪುಸ್ತಕಕ್ಕ ಚೀಟಿ ಹಚ್ಚಿಕೊಡು,” ಎಂದಳು ಮೊಮ್ಮಗಳು. ಅಡಿಯಲ್ಲಿ ಯಾರ ಹೆಸರೂ ಇಲ್ಲವೆಂದು ನೋಡಿಕೊಂಡೇ ಹಚ್ಚಿದೆ.