ಬೆನ್ನಿಗೆ ಹತ್ತಿದ ಮಣ್ಣು

೧೯೪೫ನೇ ಇಸವಿಯ ನಾಗರಪಂಚಮಿ. ಇನ್ನೂ ನಿಜಾಮರ ಕಾಲ. ನನಗೆ ಹತ್ತೊಂಬತ್ತು ವರ್ಷ. ಹುಟ್ಟಿದ್ದು ಮಾನ್ವಿ ತಾಲೂಕಿನ ಮಲ್ಲಟದಲ್ಲಾದರೂ ಹೊಟ್ಟೆಪಾಡಿಗೆ ರಾಯಚೂರಿಗೆ ಬಂದು, ಸೋದರಮಾವನ ಮನೆಯಲ್ಲಿದ್ದುಕೊಂಡು ಹತ್ತಿ ಕಾರ್ಖಾನೆಯಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊರುತ್ತಿದ್ದೆ. ಬೆಳಿಗ್ಗೆ ಕಾರ್ಖಾನೆಯ ಕೂಗು ಆಗುವುದರೊಳಗೆ ಕೋಟೆಯ ಹಿಂದಿನ ಗರಡಿ ಮನೆಗೆ ಹೋಗಿ ಬರದಿದ್ದರೆ ಆ ದಿನ ನನಗೆ ರೊಟ್ಟಿ ರುಚಿಸುತ್ತಿರಲಿಲ್ಲ.

ನಮಗೆ ಕುಸ್ತಿ ಕಲಿಸುತ್ತಿದ್ದವರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಬಿಳಿ ಮೀಸೆ, ಕುಸ್ತಿ ಆಡಿ ಆಡಿ ಮುದುಡಿದ ಕಿವಿ, ಐದು ಹೊತ್ತಿನ ನಮಾಜು, ಎರಡು ಹೊತ್ತಿನ ತಾಲೀಮು. ಬೀಡಿಯಿಲ್ಲ, ಎಲೆ ಅಡಿಕೆಯಿಲ್ಲ. ಇದ್ದ ಒಂದೇ ಐಬು ಶರಣಪ್ಪ.

ಶರಣಪ್ಪ ಬಟ್ಟೆ ವ್ಯಾಪಾರಿಯ ಮಗ, ನನ್ನ ವಯಸ್ಸಿನವನೇ. ಸುಳ್ಳೇಕೆ ಹೇಳಲಿ, ಮೈಕಟ್ಟು ಚೆನ್ನಾಗಿತ್ತು, ಚುರುಕೂ ಇದ್ದ. ಅವನ ಮನೆಯಿಂದ ಗರಡಿಗೆ ಬಾದಾಮಿ, ತುಪ್ಪ ಬರುತ್ತಿದ್ದವು. ಸಾಮು ಮುಗಿದ ಮೇಲೆ ಬಾದಾಮಿ ಅರೆದು ಹಾಕಿದ ಹಾಲಿನ ತಂಬಿಗೆಯನ್ನು ಉಸ್ತಾದರು ಕೈಯಾರೆ ಅವನಿಗೆ ಕೊಡುತ್ತಿದ್ದರು. ನಮಗೆಲ್ಲ ನೆನೆಸಿದ ಕಡಲೆ, ಅದೂ ಒಂದು ಹಿಡಿ. ಅವನನ್ನು 'ಶರಣಾ' ಎಂದು ಕರೆಯುತ್ತಿದ್ದರು. ನಾನು ಮೂರು ವರ್ಷವೂ 'ಏ ಮಲ್ಲಟ' ಆಗಿಯೇ ಉಳಿದೆ. ಅವರಿಗೆ ನನ್ನ ಹೆಸರು ಗೊತ್ತೇ ಇಲ್ಲವೇನೋ ಎಂದುಕೊಂಡಿದ್ದೆ.

ಉಸ್ತಾದರ ಹತ್ತಿರ ಒಂದು ಪಟ್ಟು ಇತ್ತು. ಅದನ್ನು ಅವರ ಗುರುಗಳು ಸಾಯುವ ಮೊದಲು ಕಲಿಸಿದ್ದರಂತೆ. ಎದುರಾಳಿಯನ್ನು ಹಿಂದಕ್ಕೆ ತಳ್ಳಿದ ಹಾಗೆ ಮಾಡುವುದು, ಅವನು ತಿರುಗಿ ತಳ್ಳಿದ ಕೂಡಲೇ ಅವನ ತೋಳು ಹಿಡಿದು ಗರ್ರನೆ ತಿರುಗಿ, ಅಗಸ ಬಟ್ಟೆ ಒಗೆದ ಹಾಗೆ ಭುಜದ ಮೇಲಿಂದ ಎತ್ತಿ ಒಗೆಯುವುದು. ಅದನ್ನು ಕಲಿಸಿದ್ದು ಶರಣಪ್ಪನೊಬ್ಬನಿಗೆ. ಉಳಿದವರು ಮನೆಗೆ ಹೋದ ಮೇಲೆ ಬಾಗಿಲು ಹಾಕಿ ಕಲಿಸುತ್ತಿದ್ದರು. ಕಲಿಯಲು ಎದುರಿಗೆ ಒಂದು ಮೈ ಬೇಕಲ್ಲ, ಅದಕ್ಕೆ ನಾನು.

"ಏ ಮಲ್ಲಟ, ನಿಂದ್ರು ಇಲ್ಲಿ. ನೀ ಏನೂ ಮಾಡಬ್ಯಾಡ. ಸುಮ್ನ ಬೀಳು."

ಬೀಳುತ್ತಿದ್ದೆ. ಏಳುತ್ತಿದ್ದೆ. ಮತ್ತೆ ಬೀಳುತ್ತಿದ್ದೆ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: "ಉಸ್ತಾದ್, ಒಮ್ಮೆ ನಾನೂ ಒಗದು ನೋಡ್ಲೇನ್ರೀ?"

ಉಸ್ತಾದರ ಕಣ್ಣು ಕೆಂಪಾದವು. "ಶರಣನ ಬೆನ್ನಿಗೆ ಇವತ್ತಿನತನಕ ಮಣ್ಣು ಹತ್ತಿಲ್ಲ. ನಿನ್ನ ಕೈಲೆ ಹಚ್ಚಸ್ಲೇನು?"

ಆ ದಿನ ಅಂಡಿಗೆ ಹೊರುವಾಗ ಬೆನ್ನು ಉರಿಯಿತು. ಬೆನ್ನಿಗಿಂತ ಹೊಟ್ಟೆಯೇ ಹೆಚ್ಚು ಉರಿಯಿತು. ಬಿಟ್ಟುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಆದರೆ ನಮ್ಮಪ್ಪ ಊರ ತುಂಬ ನನ್ನ ಮಗ ರಾಯಚೂರಿನಲ್ಲಿ ಪೈಲ್ವಾನ ಆಗಿದ್ದಾನೆ ಎಂದು ಹೇಳಿಕೊಂಡು ಓಡಾಡುತ್ತಿದ್ದ. ನಾನು ಒಂದು ಸಲವೂ ಕಣಕ್ಕೆ ಇಳಿದಿಲ್ಲ ಎಂದು ಅವನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಪಂಚಮಿಯ ಮರುದಿನ ಮಾನ್ವಿಯಲ್ಲಿ ಕುಸ್ತಿ. ನಮ್ಮ ಗರಡಿಯಿಂದ ಶರಣಪ್ಪ, ದೇವದುರ್ಗದಿಂದ ಮೌನೇಶ ಎಂಬ ಪೈಲ್ವಾನ. ಉಸ್ತಾದರು ಗೆದ್ದ ಮೇಲೆ ಶರಣಪ್ಪನ ತಲೆಗೆ ಸುತ್ತಲೆಂದು ಜರಿಯಂಚಿನ ಹಳದಿ ರುಮಾಲನ್ನು ಮೊದಲೇ ಕೊಂಡು ಚೀಲದಲ್ಲಿಟ್ಟುಕೊಂಡಿದ್ದರು. ಎಣ್ಣೆ ಡಬ್ಬಿ, ಹಾಲಿನ ತಂಬಿಗೆ ಹೊತ್ತುಕೊಂಡು ಬಸ್ಸು ಹತ್ತಿದವನು ನಾನು.

ಮಾನ್ವಿಯಲ್ಲಿ ಇಳಿದು ನೋಡುತ್ತೇನೆ, ಕಣದ ಹಗ್ಗದ ಪಕ್ಕ ಮುಂದಿನ ಸಾಲಿನಲ್ಲಿ ನಮ್ಮಪ್ಪ ಕೂತಿದ್ದಾನೆ! ಜೊತೆಗೆ ಮಲ್ಲಟದ ಐದಾರು ಜನ. ರಾಯಚೂರಿನ ಗರಡಿ ಬರುತ್ತದೆ ಎಂದು ಕೇಳಿ ನಡೆದೇ ಬಂದಿದ್ದರು.

"ನಿನ್ನ ಕುಸ್ತಿ ಯಾವಾಗೋ ತಮ್ಮಾ?" ಎಂದ ಅಪ್ಪ. ನನ್ನ ಕೈಯಲ್ಲಿದ್ದ ಎಣ್ಣೆ ಡಬ್ಬಿಯನ್ನು ನೋಡಿದ. ಮತ್ತೆ ಕೇಳಲಿಲ್ಲ. ಅವನು ಕೇಳದೇ ಇದ್ದದ್ದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಹಲಗೆ ವಾದ್ಯದವರು ಬಡಿಯತೊಡಗಿದರು. ಶರಣಪ್ಪ, ಮೌನೇಶ ಕೈ ಮುಟ್ಟಿಸಿ ಹಿಡಿದುಕೊಂಡರು. ಸ್ವಲ್ಪ ಹೊತ್ತು ಸಮಸಮ ನಡೆಯಿತು. ಆಮೇಲೆ ಮೌನೇಶ ಶರಣಪ್ಪನನ್ನು ಹಿಂದಕ್ಕೆ ತಳ್ಳಿದ. ಶರಣಪ್ಪ ಸಿಟ್ಟಿನಿಂದ ತಿರುಗಿ ತಳ್ಳಿದ. ನನ್ನ ಬೆನ್ನು ಜುಮ್ಮೆಂದಿತು. ಶರಣಪ್ಪ ಬೀಳುತ್ತಾನೆ ಎಂದು ನನಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಮೌನೇಶ ಗರ್ರನೆ ತಿರುಗಿದ, ಎತ್ತಿದ, ಒಗೆದ. ನಮ್ಮ ಉಸ್ತಾದರದೇ ಪಟ್ಟು! ದೇವದುರ್ಗದ ಉಸ್ತಾದರೂ ಅದೇ ಗುರುಗಳ ಕೈಯಲ್ಲಿ ಕಲಿತವರು ಎಂಬುದು ಆಮೇಲೆ ತಿಳಿಯಿತು. ಶರಣಪ್ಪನಿಗೆ ಆ ಪಟ್ಟು ಹಾಕುವುದು ಗೊತ್ತಿತ್ತು. ಅದು ತನ್ನ ಮೇಲೆ ಬಂದರೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಒಂದು ಸಲವೂ ಬಿದ್ದವನಲ್ಲವಲ್ಲ.

ಗೆದ್ದವನು ಕೈ ಚಾಚಿ ಕಣ ಸುತ್ತುವುದು ನಮ್ಮ ಕಡೆಯ ವಾಡಿಕೆ. ಅವನೊಡನೆ ಕುಸ್ತಿಗೆ ಸಿದ್ಧರಿರುವವರು ಬಂದು ಆ ಕೈ ಹಿಡಿಯಬಹುದು. ಆದರೆ ಹಿಡಿದವನ ಉಸ್ತಾದರು ಮುಂದೆ ಬಂದು, ಅವನ ಹೆಸರು ಹೇಳಿ, ಇವನು ನಮ್ಮವನು ಎನ್ನಬೇಕು. ಅನ್ನದಿದ್ದರೆ ಅವನು ಎಲ್ಲರ ಎದುರು ವಾಪಸು ಹೋಗಬೇಕು.

ಮೌನೇಶ ನಮ್ಮ ಕಡೆ ಬಂದು, ಬೇಕೆಂದೇ ನಿಂತ. ಉಸ್ತಾದರು ತಲೆ ತಗ್ಗಿಸಿದ್ದರು. ಅಪ್ಪ ನನ್ನನ್ನೇ ನೋಡುತ್ತಿದ್ದ. ಎಣ್ಣೆ ಡಬ್ಬಿ ಕೆಳಗಿಟ್ಟೆ, ಅಂಗಿ, ಧೋತರ ಕಳಚಿದೆ, ಹೋಗಿ ಕೈ ಹಿಡಿದೆ. ಒಳಗೆ ಲಂಗೋಟಿ ಕಟ್ಟಿಕೊಂಡೇ ಬಂದಿದ್ದೆ. ಯಾಕೆಂದು ಕೇಳಬೇಡಿ, ಆಸೆ.

ಕಣದಲ್ಲಿ ಪೈಲ್ವಾನರ ಹೆಸರು ಕೂಗುವವನು ಕೇಳಿದ: "ರಾಯಚೂರ ಉಸ್ತಾದ್, ಈ ಹುಡುಗ ನಿಮ್ಮಾಂವ ಏನ್ರೀ? ಹೆಸರು ಹೇಳ್ರಿ."

ಉಸ್ತಾದರು ತಗ್ಗಿಸಿದ ತಲೆ ಎತ್ತಲಿಲ್ಲ. ಸುತ್ತ ಕೂತ ಜನ ನಗತೊಡಗಿದರು. ನಾನು ಉಸ್ತಾದರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಉಸ್ತಾದ್, ಈ ಪಟ್ಟಿನಾಗ ಮೂರು ವರ್ಷ ಬಿದ್ದೀನ್ರಿ. ಅದು ಎಲ್ಲಿಂದ ಬರ್ತದ ಅಂತ ನನ್ನ ಬೆನ್ನಿಗೆ ಗೊತ್ತದ."

ಅವರು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಹಗ್ಗ ದಾಟಿ ಬಂದು, ಕಣದ ಮಣ್ಣು ತೆಗೆದು ನನ್ನ ಹಣೆಗೆ ಹಚ್ಚಿ, ಗಟ್ಟಿ ದನಿಯಲ್ಲಿ ಹೇಳಿದರು: "ಹುಸೇನಪ್ಪ! ಮಲ್ಲಟದ ಹುಸೇನಪ್ಪ! ನಮ್ಮ ತಾಲೀಮಿನಾಂವ!"

ನನ್ನ ಹೆಸರು ಅವರಿಗೆ ಗೊತ್ತಿತ್ತು! ಕುಸ್ತಿ ಶುರುವಾಗುವ ಮೊದಲೇ ನನ್ನ ಕಣ್ಣು ತುಂಬಿದ್ದವು.

ಹಿಡಿದ ಹಿಡಿತಕ್ಕೇ ಮೌನೇಶನ ಬಲ ಗೊತ್ತಾಯಿತು, ನನಗಿಂತ ಹೆಚ್ಚಿನದು. ಎರಡು ಸಲ ಮಂಡಿಯೂರಿದೆ. ಅಂಡಿಗೆ ಹೊತ್ತ ಭುಜ, ಹೇಗೋ ತಡೆಯಿತು. ಆಮೇಲೆ ಅವನು ನನ್ನನ್ನು ಹಿಂದಕ್ಕೆ ತಳ್ಳಿದ. ನಾನೂ ತಿರುಗಿ ತಳ್ಳಿದ ಹಾಗೆ ಮಾಡಿದೆ, ಮಾಡಿದ ಹಾಗೆ ಮಾತ್ರ. ಅವನು ಬೆನ್ನು ತಿರುಗಿಸಿದ. ಗರಡಿಯಲ್ಲಿ ಶರಣಪ್ಪ ನನ್ನನ್ನು ಎತ್ತುವ ಮೊದಲು ಒಂದು ಗಳಿಗೆ ಅವನ ಹಿಮ್ಮಡಿ ನೆಲ ಬಿಡುತ್ತಿತ್ತು. ಮೌನೇಶನದೂ ಬಿಟ್ಟಿತು, ಅದೇ ಗಳಿಗೆ. ಸೊಂಟ ಕುಗ್ಗಿಸಿ ಕೂತೆ, ಹಿಂದಿನಿಂದ ಅವನ ನಡು ತಬ್ಬಿ ಎತ್ತಿದೆ, ಪಕ್ಕಕ್ಕೆ ಕೆಡವಿ ಮೈಮೇಲೆ ಬಿದ್ದು ಅಂಗಾತ ಮಾಡಿದೆ. ಅವನ ಎರಡೂ ಭುಜ ಮಣ್ಣಿಗೆ ಹತ್ತಿದವು.

ಮುಂದಿನದು ಸರಿಯಾಗಿ ನೆನಪಿಲ್ಲ. ಅಪ್ಪ ಹಗ್ಗ ಹಾರಿ ಬಂದದ್ದು, "ನಾ ಹೇಳಿದ್ದಿಲ್ಲೇನು, ನಾ ಹೇಳಿದ್ದಿಲ್ಲೇನು?" ಎಂದು ಮಲ್ಲಟದವರ ಮೇಲೆ ಜಗಳಕ್ಕೆ ಹೋದವನ ಹಾಗೆ ಕೂಗಿದ್ದು ಮಾತ್ರ ನೆನಪಿದೆ. ಉಸ್ತಾದರು ಚೀಲದಿಂದ ಆ ಹಳದಿ ರುಮಾಲು ತೆಗೆದು ನನ್ನ ತಲೆಗೆ ಸುತ್ತಿದರು.

"ನಾ ನಿನಗ ಏನೂ ಕಲಿಸಿಲ್ಲಲ್ಲೋ, ಹುಸೇನಪ್ಪ," ಎಂದರು.

"ಕೆಡವಿ ಕೆಡವಿ ಕಲಿಸೀರಿ ಉಸ್ತಾದ್," ಎಂದೆ.

ಹಾಲಿನ ತಂಬಿಗೆಯನ್ನು ನನ್ನ ಕೈಗಿಟ್ಟರು. ಮೂರು ವರ್ಷ ಅದರ ಮೇಲೆ ನನ್ನ ಕಣ್ಣಿತ್ತು. ಬಾಯಿಯ ತನಕ ತಂದೆ. ಅಷ್ಟರಲ್ಲಿ ಮೂಲೆಯಲ್ಲಿ ಒಬ್ಬನೇ ಕೂತ ಶರಣಪ್ಪ ಕಂಡ. ಬೆನ್ನ ಮೇಲಿನ ಮಣ್ಣನ್ನೂ ಒರೆಸಿಕೊಂಡಿರಲಿಲ್ಲ.

"ಅಂವಗ ಕೊಡ್ರಿ ಉಸ್ತಾದ್," ಎಂದೆ. "ಅಂವಗ ಬಿದ್ದು ರೂಢಿ ಇಲ್ಲ."

ಆ ಮಾತಿನಲ್ಲಿ ಕನಿಕರ ಎಷ್ಟಿತ್ತು, ಕೊಬ್ಬು ಎಷ್ಟಿತ್ತು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಎರಡೂ ಇದ್ದವು. ಶರಣಪ್ಪ ಅರ್ಧ ಕುಡಿದು, ಉಳಿದರ್ಧವನ್ನು ನನ್ನ ಕಡೆ ಚಾಚಿದ.

ಮರುದಿನ ಗರಡಿಯಲ್ಲಿ ಉಸ್ತಾದರು ಬಾಗಿಲು ಹಾಕಲಿಲ್ಲ. ಎಲ್ಲ ಹುಡುಗರನ್ನೂ ಕರೆದು ಜೋಡಿ ಮಾಡಿ ನಿಲ್ಲಿಸಿದರು. "ಹತ್ತು ಸಲ ಒಗೀರಿ, ಹತ್ತು ಸಲ ಬೀಳ್ರಿ," ಎಂದರು. ನನ್ನ ಎದುರಿಗೆ ನಿಂತವನು ಶರಣಪ್ಪ.

ರುಮಾಲು ಈಗ ಬಣ್ಣಗೆಟ್ಟಿದೆ, ಜರಿ ಕಿತ್ತುಹೋಗಿದೆ. ಬಿಸಾಡು ಅಜ್ಜಾ ಎಂದು ಮೊಮ್ಮಕ್ಕಳು ಗಂಟುಬೀಳುತ್ತಾರೆ. ಬಿಸಾಡುವುದಿಲ್ಲ. ಆಮೇಲೂ ಎಷ್ಟೋ ಕುಸ್ತಿ ಗೆದ್ದೆ, ಸೋತೆ. ಅವೆಲ್ಲ ಮರೆತುಹೋಗಿವೆ. ಸಾವಿರ ಜನರ ಮುಂದೆ ನನ್ನ ಉಸ್ತಾದರು ನನ್ನ ಹೆಸರು ಕೂಗಿದ್ದು ಮಾತ್ರ ಕಿವಿಯಲ್ಲಿ ಹಾಗೇ ಇದೆ.