ಕಿತ್ತೂರಿನ ಅಡಿಗೆಮನೆಯಲ್ಲಿ ತರ್ಪಣ

ಸವದತ್ತಿಯಿಂದ ಹೊರಟಾಗ ಹನ್ನೊಂದು ಗಂಟೆ. ಬೈಲಹೊಂಗಲ ದಾಟಿ ಸಂಪಗಾಂವದ ಹತ್ತಿರ ಬರುವಷ್ಟರಲ್ಲಿ ಮೋಡ ಕೆಳಗಿಳಿದು, ರಸ್ತೆಯ ಎರಡೂ ಕಡೆಯ ಕಬ್ಬು ನೀರಿನೊಳಗೆ ನಿಂತಂತೆ ಮೆಲ್ಲಗೆ ತೂಗುತ್ತಿತ್ತು. ಕಾರು ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ಅಜ್ಜ ಮಡಿಧೋತರ ಉಟ್ಟು, ಉಪವಾಸದಲ್ಲಿ, ಕಣ್ಣು ಮುಚ್ಚಿ ಕುಳಿತಿದ್ದರು.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಘಾತ ಚತುರ್ದಶಿ. ಆಯುಧದಿಂದ ಸತ್ತವರಿಗೆ ಎಳ್ಳುನೀರು ಬಿಡುವ ದಿನ. ನಮ್ಮ ಮನೆತನದ ಒಬ್ಬರು ಕಿತ್ತೂರು ರಾಣಿಯ ಅರಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದು, ಯುದ್ಧದಲ್ಲಿ ಗುಂಡು ತಗುಲಿ ಹೋದರಂತೆ. ಗೋತ್ರ ಉಳಿದಿದೆ, ಹೆಸರು ಉಳಿದಿಲ್ಲ. ಹೆಸರು ಹೇಳದೆ ಹೇಗೆ ಕೊಡುವುದೆಂದು ಅಜ್ಜ ವರ್ಷಗಟ್ಟಲೆ ಮುಂದೂಡಿದ್ದರು. ಈ ಸಲ ಡಾಕ್ಟರು ಹೃದಯದ ಸ್ಥಿತಿ ಹೇಳಿದ ಮೇಲೆ, “ಮುಂದಿನ ವರ್ಷ ಅಂತ ಅನ್ನಲಿಕ್ಕೆ ಬರೂದಿಲ್ಲ. ಕರಕೊಂಡು ಹೋಗು” ಎಂದರು.

ಕೋಟೆಯೊಳಗೆ ಹುಲ್ಲು, ಮುರಿದ ಗೋಡೆಗಳು, ಬಾಗಿಲಿಲ್ಲದ ಕೋಣೆಗಳು. ಅಡಿಗೆಮನೆಯೆಂದು ತೋರಿಸುವ ಜಾಗದಲ್ಲಿ ಅಜ್ಜ ದಕ್ಷಿಣಕ್ಕೆ ಮುಖ ಮಾಡಿ ಕುಳಿತು, ಜನಿವಾರವನ್ನು ಬಲಹೆಗಲಿಗೆ ತಂದು, ಅಂಗೈ ಚಾಚಿದರು. ನಾನು ಡಬ್ಬಿಯಿಂದ ಎಳ್ಳು ಸುರಿದೆ. ಅವರು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

“ಇದು ಗುರೆಳ್ಳು.”

ಚಟ್ನಿಗೆಂದು ಇಟ್ಟ ಹುಚ್ಚೆಳ್ಳಿನ ಡಬ್ಬಿ. ಬೆಳಗ್ಗೆ ಅವಸರದಲ್ಲಿ ಅದನ್ನೇ ಎತ್ತಿಕೊಂಡಿದ್ದೆ.

“ಎಂ.ಎಸ್ಸಿ. ಮಾಡಿದ್ದು ಗಿಡಾ-ಬಳ್ಳಿ ಮ್ಯಾಲೇ ಅಲ್ಲೇನು ನೀ?”

ದನಿಯಲ್ಲಿ ಕೋಪವಿರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. “ಪ್ಯಾಟ್ಯಾಗ ಕರಿ ಎಳ್ಳು ಸಿಗತದ ಅಜ್ಜಾ, ತರತೀನಿ” ಎಂದೆ. ಅವರು ಕಾಳನ್ನು ಅಂಗೈಯಲ್ಲೇ ಹಿಡಿದು ಕುಳಿತರು.

ಆಚೆ ಹುಲ್ಲು ಕೀಳುತ್ತಿದ್ದ ಹೆಂಗಸಿಗೆ ನಮ್ಮ ಮಾತು ಕೇಳಿಸಿತ್ತು. “ಯಾರಿಗ್ರೀ ಅಜ್ಜಾರ, ನೀರು?”

“ಇಲ್ಲಿ ಅಡಿಗಿ ಮಾಡತಿದ್ರವಾ, ನಮ್ಮವರು ಒಬ್ರು.”

“ಅಡಿಗಿ ಮಾಡಾವರು ಗುರೆಳ್ಳ ಬ್ಯಾಡ ಅಂತಾರೇನ್ರೀ? ಒಂದೀಟು ಉಪ್ಪು-ಖಾರ ಇದ್ರ ಮತ್ತೂ ಖುಷಿ ಆಗ್ತಾರ.”

ಶಾಸ್ತ್ರ ಬಿಟ್ಟು ಒಂದು ಹೆಜ್ಜೆ ಇಡದ ಅಜ್ಜ ಮೊದಲು ಹುಬ್ಬು ಗಂಟಿಕ್ಕಿದರು. ಬಳಿಕ ನಗು ಬಂದು ಅವರ ಹೊಟ್ಟೆ ಸಣ್ಣಗೆ ಕುಲುಕಿತು.

“ಪ್ಯಾಟಿಗೆ ಹೋಗಬ್ಯಾಡ. ನೀರು ಹಾಕು.”

ನಾನು ತಂಬಿಗೆ ಬಗ್ಗಿಸಿದೆ. ಹೆಸರು ಬರಬೇಕಾದ ಕಡೆ ಮಂತ್ರ ನಿಂತಿತು. ಗಾಳಿಯೂ ನಿಂತಿತ್ತು, ಗೋಡೆಗಳು ಬೆಳಕಿನಲ್ಲಿ ತೆಳುವಾಗಿ, ಅವುಗಳ ಹಿಂದೆ ಇನ್ನೂ ಕೋಣೆಗಳಿರುವಂತೆ ಕಂಡವು. ಅಜ್ಜ ಆ ಕಡೆ ನೋಡಿ, ಮನೆಯ ಒಳಕೋಣೆಯಿಂದ ಚಿಕ್ಕಪ್ಪನನ್ನು ಊಟಕ್ಕೆ ಕರೆಯುವ ದನಿಯಲ್ಲಿ, “ಕಾಕಾ” ಎಂದರು.

ಹೆಬ್ಬೆರಳಿನ ಪಕ್ಕದಿಂದ ನೀರು ಇಳಿಯಿತು. ಮತ್ತೆ ಕರೆದರು, ಮತ್ತೆ ಇಳಿಯಿತು. ಎಂಬತ್ತು ದಾಟಿದ ಅವರು ಯಾರದೋ ಮನೆಯ ಚಿಕ್ಕ ಹುಡುಗನಂತೆ ಕಾಣುತ್ತಿದ್ದರು. ಮೂರನೆಯ ಸಲ ಕರೆದ ಮೇಲೆ, ಒಳಗಿನಿಂದ ಉತ್ತರ ಬರುವುದಿದೆ ಎಂಬಂತೆ, ಸ್ವಲ್ಪ ಹೊತ್ತು ತಲೆ ವಾಲಿಸಿ ಕುಳಿತರು. ನಾನೂ ಅಲುಗಾಡದೆ ನಿಂತೆ.